ಕನ್ಸಲ್ಟಿಂಗ್ ಕೆಲಸಕ್ಕೆ ಹೋಗುವ ಮುನ್ನ: ಆರು ವರ್ಷ ಸರ್ಕಾರಕ್ಕೆ ‘ಸಲಹೆ’ ಕೊಟ್ಟವಳು ಹೇಳೋದಿಷ್ಟು

ಕಳೆದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಧಾರವಾಡದಲ್ಲಿ ಅರ್ಥಶಾಸ್ತ್ರ ಎಂಎ, ಕೊನೆಯ ಸೆಮಿಸ್ಟರ್. ‘ಅಕ್ಕಾ, ಒಂದು ಕನ್ಸಲ್ಟಿಂಗ್ ಕಂಪನಿಯಿಂದ ಆಫರ್ ಬಂದದ. ಬೆಂಗಳೂರಾಗ ಗೌರ್ಮೆಂಟ್ ಪ್ರಾಜೆಕ್ಟ್ ಅಂತ. ಹೋದ್ರ ತಪ್ಪಾಗ್ತದೇನು?’ ಅಂದಳು.

‘ಹೋಗ್ಲೇನು’ ಅಂತ ಕೇಳಲಿಲ್ಲ, ‘ತಪ್ಪಾಗ್ತದೇನು’ ಅಂತ ಕೇಳಿದಳು. ಅದಕ್ಕೆ ಕಾರಣ ಇದೆ. ಎರಡು ವರ್ಷದಿಂದ ಅವಳು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಗೆಳೆಯರ ಜೊತೆ ‘ಖಾಲಿ ಹುದ್ದೆ ಭರ್ತಿ ಮಾಡಿ’ ಅನ್ನುವ ಫಲಕ ಹಿಡಿದು ಬಿಸಿಲಲ್ಲಿ ನಿಂತವಳು. ಕರ್ನಾಟಕ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಬಿದ್ದಿವೆ. 2024ರಲ್ಲಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆ, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಹಾಳಾಗಿದ್ದಕ್ಕೆ ಎರಡನೇ ಸಲ ನಡೆಯಬೇಕಾಯಿತು. ಆ ಖಾಲಿ ಕುರ್ಚಿಗಳಿಗೂ ಇವಳ ಕೈಗೆ ಬಂದಿರುವ ಆಫರ್ ಲೆಟರ್‌ಗೂ ನೇರ ಸಂಬಂಧ ಇದೆ. ಸರ್ಕಾರ ನೇಮಕ ಮಾಡಿಕೊಳ್ಳದ ಕಡೆ ಕೆಲಸವಂತೂ ನಿಲ್ಲೋದಿಲ್ಲ. ಅದನ್ನು ಯಾರಾದರೂ ಮಾಡಲೇಬೇಕು. ಆ ‘ಯಾರಾದರೂ’ಗಳಲ್ಲಿ ಒಬ್ಬಳಾಗಿ ನಾನು 2016ರಿಂದ 2022ರವರೆಗೆ ದುಡಿದೆ. ಸಂಸ್ಥೆಯ ಹೆಸರು ಬೇಡ. ನೀವು ಕೇಳಿರುವ ಹೆಸರೇ.

ಅವಳಿಗೆ ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಇಂಥದ್ದೇ ಪ್ರಶ್ನೆ ಇಟ್ಟುಕೊಂಡವರು ನಿಮ್ಮಲ್ಲೂ ಬೇಕಾದಷ್ಟು ಜನ ಇದ್ದೀರಿ ಅಂತ ಗೊತ್ತು.

ಮೊದಲು, ಯಾವ ಕನ್ಸಲ್ಟಿಂಗ್?

ಈ ಒಂದು ಪದದೊಳಗೆ ಹತ್ತು ಥರದ ಕೆಲಸ ಅಡಗಿದೆ. ಇದು ತೀರಾ ಹೊಸ ದಂಧೆಯೇನೂ ಅಲ್ಲ. ಅಮೆರಿಕದ ಬೋಸ್ಟನ್‌ನಲ್ಲಿ ಆರ್ಥರ್ ಡಿ. ಲಿಟಲ್ ಸಂಸ್ಥೆ ಶುರುವಾಗಿದ್ದು 1886ರಲ್ಲಿ. ಶಿಕಾಗೊದಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಮೆಕಿನ್ಸಿ ತಮ್ಮ ಹೆಸರಿನ ಕಂಪನಿ ಕಟ್ಟಿದ್ದು 1926ರಲ್ಲಿ. ಬಿಸಿಜಿ 1963, ಬೇನ್ 1973. ಈ ಕೊನೆಯ ಮೂರನ್ನು ಸೇರಿಸಿ ‘ಎಂಬಿಬಿ’ ಅಂತಾರೆ. ಐಐಎಂ ಹುಡುಗರು ಕನಸು ಕಾಣೋದು ಇವುಗಳನ್ನೇ. ಇನ್ನೊಂದು ಕಡೆ ಆಡಿಟ್ ಮಾಡುತ್ತಾ ಬೆಳೆದ ‘ಬಿಗ್ ಫೋರ್’: ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ. ಸರ್ಕಾರಿ ಇಲಾಖೆಗಳ ಒಳಗೆ ಸಾಮಾನ್ಯವಾಗಿ ಕಾಣಸಿಗೋದು ಈ ನಾಲ್ವರು, ಜೊತೆಗೆ ಅವರಿಗಿಂತ ಚಿಕ್ಕ ಇಂಜಿನಿಯರಿಂಗ್ ಕನ್ಸಲ್ಟೆನ್ಸಿಗಳು.

ಬೆಂಗಳೂರಿಗೆ ಬರುವವರು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು, ಯಾಕಂದರೆ ಇಲ್ಲಿ ಮೋಸ ಹೋಗುವವರು ಬಹಳ. ಅದೇ ಬೋರ್ಡು, ಅದೇ ಲೋಗೊ ಇರುವ ಎರಡು ಬೇರೆ ಬೇರೆ ಕಂಪನಿಗಳು ಈ ನಗರದಲ್ಲಿವೆ. ಒಂದು, ಭಾರತದ ಗ್ರಾಹಕರಿಗೆ ಕೆಲಸ ಮಾಡುವ ಸಂಸ್ಥೆ. ಇನ್ನೊಂದು, ಅಮೆರಿಕ, ಬ್ರಿಟನ್ ಕಚೇರಿಗಳಿಗೆ ಇಲ್ಲಿಂದ ಕೆಲಸ ಮಾಡಿಕೊಡುವ ಘಟಕ: ಡೆಲಾಯ್ಟ್ ಯುಎಸ್‌ಐ, ಇವೈ ಜಿಡಿಎಸ್, ಕೆಪಿಎಂಜಿಯ ಕೆಜಿಎಸ್ ಮುಂತಾದವು. ಎರಡನೆಯದರಲ್ಲಿ ಕ್ಲೈಂಟ್ ಮುಖ ನೋಡದೆ ವರ್ಷಗಟ್ಟಲೆ ಕೂತವರನ್ನು ನಾನು ಬಲ್ಲೆ. ಅದು ಕೆಟ್ಟ ಕೆಲಸ ಅಂತಲ್ಲ. ಆದರೆ ‘ಸರ್ಕಾರದ ನೀತಿ ರೂಪಿಸ್ತೀನಿ’ ಅಂದುಕೊಂಡು ಹೋಗಿ, ರಾತ್ರಿ ಒಂಬತ್ತಕ್ಕೆ ಟೆಕ್ಸಾಸ್‌ನ ಯಾವುದೋ ವಿಮಾ ಕಂಪನಿಯ ಎಕ್ಸೆಲ್ ತಿದ್ದುತ್ತಾ ಕೂತರೆ ಬೇಜಾರಾಗುತ್ತೆ. ಆಫರ್ ಲೆಟರ್‌ನ ಮೇಲ್ಭಾಗದಲ್ಲಿರುವ ಕಂಪನಿಯ ಪೂರ್ತಿ ಹೆಸರು ಓದಿ. ಎಲ್‌ಎಲ್‌ಪಿ ಅಂತಿದೆಯಾ, ಸರ್ವಿಸಸ್ ಪ್ರೈವೇಟ್ ಲಿಮಿಟೆಡ್ ಅಂತಿದೆಯಾ ನೋಡಿ, ಅದರ ಗ್ರಾಹಕರು ಯಾರು ಅಂತ ಎಚ್‌ಆರ್‌ಗೆ ಕೇಳಿ.

ನಾನಿದ್ದದ್ದು ಮೊದಲನೆಯದರಲ್ಲಿ, ‘ಗವರ್ನಮೆಂಟ್ ಅಡ್ವೈಸರಿ’ ಎಂಬ ವಿಭಾಗದಲ್ಲಿ. ಇನ್ನು ಮುಂದೆ ಹೇಳುವುದೆಲ್ಲ ಅದರ ಬಗ್ಗೆಯೇ.

ಟೆಂಡರ್‌ನಲ್ಲಿ ಬರುವವರು, ಕಚೇರಿಗೆ ಬರುವವರು

ಸರ್ಕಾರ ಕನ್ಸಲ್ಟೆಂಟ್‌ಗಳನ್ನು ಹೇಗೆ ತಗೊಳ್ಳುತ್ತೆ ಅನ್ನೋದು ಗೊತ್ತಿಲ್ಲದೆ ಈ ಕೆಲಸ ಅರ್ಥ ಆಗೋದಿಲ್ಲ. ಇಲಾಖೆಯೊಂದು ಆರ್‌ಎಫ್‌ಪಿ ಹೊರಡಿಸುತ್ತೆ: ಇಂಥ ಕೆಲಸ ಇದೆ, ಇಂಥ ಅರ್ಹತೆಯ ಇಷ್ಟು ಜನ ಬೇಕು. ಕಂಪನಿಗಳು ತಾಂತ್ರಿಕ ಬಿಡ್ ಒಂದು, ಆರ್ಥಿಕ ಬಿಡ್ ಒಂದು ಹಾಕುತ್ತವೆ. ರಸ್ತೆ ಗುತ್ತಿಗೆಯ ಹಾಗೆ ಇಲ್ಲಿ ಕಡಿಮೆ ಕೂಗಿದವನಿಗೇ ಕೆಲಸ ಅಂತಿಲ್ಲ. ಬಹಳ ಕಡೆ ‘ಕ್ಯುಸಿಬಿಎಸ್’ ಪದ್ಧತಿ ಇರುತ್ತೆ. ಅಂದರೆ ಗುಣಮಟ್ಟಕ್ಕೆ 70 ಅಥವಾ 80 ಅಂಕ, ದರಕ್ಕೆ ಉಳಿದದ್ದು. ಗುಣಮಟ್ಟ ಅಳೆಯೋದು ಹೇಗೆ? ಹಿಂದೆ ಮಾಡಿದ ಪ್ರಾಜೆಕ್ಟುಗಳು, ಒಂದು ಪಿಪಿಟಿ ಪ್ರದರ್ಶನ, ಮತ್ತು ಸಿವಿಗಳು.

ಈ ಸಿವಿಗಳ ಕಥೆಯೇ ಒಂದು ಪುರಾಣ. ಬಿಡ್‌ನಲ್ಲಿ ‘ಟೀಮ್ ಲೀಡರ್, 15 ವರ್ಷ ಅನುಭವ, ನಗರಾಡಳಿತ ತಜ್ಞರು’ ಅಂತ ಒಬ್ಬರ ಸಿವಿ ಹೋಗಿರುತ್ತೆ. ಕೆಲಸ ಸಿಕ್ಕ ಮೇಲೆ ಅವರು ಮೊದಲ ಮೀಟಿಂಗಿಗೆ ಬರ್ತಾರೆ, ಕಾರ್ಯದರ್ಶಿಯವರ ಜೊತೆ ಕೈಕುಲುಕ್ತಾರೆ. ಆಮೇಲೆ ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಆ ಹೊತ್ತಿಗೆ ಅವರ ಸಿವಿ ಇನ್ನೊಂದು ರಾಜ್ಯದ ಇನ್ನೊಂದು ಬಿಡ್‌ನಲ್ಲಿ ಓಡ್ತಿರುತ್ತೆ. ಇಲಾಖೆಯಲ್ಲಿ ದಿನಾ ಕೂರುವವರು 23–24 ವರ್ಷದ ನನ್ನಂಥವರು. ಸೇರಿದ ಮೂರನೇ ವಾರಕ್ಕೇ ನನ್ನ ವಿಸಿಟಿಂಗ್ ಕಾರ್ಡಿನ ಬಲದ ಮೇಲೆ ಹಿರಿಯ ಅಧಿಕಾರಿಯೊಬ್ಬರು ‘ನೀವೇನಂತೀರಿ ಮೇಡಂ, ಬೇರೆ ರಾಜ್ಯಗಳಲ್ಲಿ ಹೆಂಗೆ ಮಾಡ್ತಾರೆ?’ ಅಂತ ಕೇಳಿದ್ದರು. ನಾನು ಅಲ್ಲಿಯವರೆಗೆ ಕಂಡಿದ್ದ ಬೇರೆ ರಾಜ್ಯ ಅಂದ್ರೆ ಗೋವಾ. ಅದೂ ಟೂರ್‌ಗೆ.

ಇನ್ನು ದುಡ್ಡು. ನನ್ನ ಮೊದಲ ಸಂಬಳ ವರ್ಷಕ್ಕೆ ಏಳು ಲಕ್ಷ ಚಿಲ್ಲರೆ ಸಿಟಿಸಿ, ಕೈಗೆ ಬರುತ್ತಿದ್ದದ್ದು ಐವತ್ತು ಸಾವಿರದ ಆಸುಪಾಸು. ನಮ್ಮ ರಾಣೆಬೆನ್ನೂರಿನ ಮನೆಗೆ ಅದು ದೊಡ್ಡ ಮೊತ್ತವೇ, ಸುಳ್ಳು ಹೇಳಲ್ಲ. ಅದೇ ನನ್ನ ಹೆಸರಿನ ಮುಂದೆ ಇಲಾಖೆ ಕಂಪನಿಗೆ ಕೊಡುತ್ತಿದ್ದದ್ದು ತಿಂಗಳಿಗೆ ಎರಡು ಲಕ್ಷದ ಮೇಲೆ. ಇದಕ್ಕೆ ‘ಮ್ಯಾನ್ ಮಂತ್ ರೇಟ್’ ಅಂತಾರೆ. ನಡುವಿನದ್ದೆಲ್ಲ ಲಾಭ ಅಂತ ತಿಳಿಯಬೇಡಿ. ಸೋತ ಹತ್ತು ಬಿಡ್‌ಗಳ ಖರ್ಚು, ಪಾರ್ಟ್‌ನರ್‌ಗಳ ಪಾಲು, ಸರ್ಕಾರ ಎಂಟು ತಿಂಗಳು ತಡವಾಗಿ ಬಿಲ್ ಪಾವತಿಸೋದು, ಎಲ್ಲ ಅದರಲ್ಲೇ ಬರಬೇಕು. ಆದರೂ ನನ್ನ ಪಕ್ಕದ ಟೇಬಲ್ಲಿನಲ್ಲಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್ ಇದ್ದಳು. ಅವಳಿಗೆ ಹದಿನಾಲ್ಕು ಸಾವಿರ, ಅದೂ ಏಜೆನ್ಸಿ ಪಿಎಫ್ ಕಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲ. ಮಾಡುತ್ತಿದ್ದ ಕೆಲಸದಲ್ಲಿ ಅರ್ಧಕ್ಕರ್ಧ ಇಬ್ಬರದ್ದೂ ಒಂದೇ: ಜಿಲ್ಲೆಗಳಿಂದ ಬಂದ ಮಾಹಿತಿ ಸೇರಿಸಿ ತಖ್ತೆ ಮಾಡೋದು. ಅವಳದ್ದು ‘ತಖ್ತೆ’, ನನ್ನದು ‘ಡ್ಯಾಶ್‌ಬೋರ್ಡ್’.

ಟೆಂಡರ್ ಇಲ್ಲದೆಯೂ ಕೆಲಸ ಸಿಗುವ ದಾರಿ ಇದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ. ಸರ್ಕಾರ ಅಧಿಸೂಚನೆ ಹೊರಡಿಸಿ, ನಿರ್ದಿಷ್ಟ ಸಂಸ್ಥೆಗೆ ನೇರವಾಗಿ ಕೆಲಸ ಕೊಡಬಹುದು. ಸರ್ಕಾರ ಯಾವ ಪಕ್ಷದ್ದೇ ಇರಲಿ, ‘ತುರ್ತು’ ಎಂಬ ಪದ ಕಡತದಲ್ಲಿ ಕಂಡಾಗ 4(ಜಿ) ಎಲ್ಲೋ ಹತ್ತಿರದಲ್ಲೇ ಇರುತ್ತೆ. ಭ್ರಷ್ಟಾಚಾರದ ಬಗ್ಗೆ ಬರೆಯುವ ಗೆಳೆಯರು ಈ ಎರಡು ಅಕ್ಷರಗಳ ಮೇಲೆ ಕಣ್ಣಿಡಬೇಕು.

ದಿನವಿಡೀ ಏನು ಮಾಡ್ತೀರಿ?

ಸ್ಮಾರ್ಟ್ ಸಿಟಿ ಯೋಜನೆ ನೆನಪಿದೆಯಲ್ಲ? 2015ರ ಜೂನ್ 25ರಂದು ಘೋಷಣೆಯಾಯಿತು. ದೇಶದಲ್ಲಿ 100 ನಗರ, ಕರ್ನಾಟಕದಲ್ಲಿ ಏಳು: ದಾವಣಗೆರೆ, ಬೆಳಗಾವಿ, ಶಿವಮೊಗ್ಗ, ಹುಬ್ಬಳ್ಳಿ–ಧಾರವಾಡ, ತುಮಕೂರು, ಮಂಗಳೂರು, ಬೆಂಗಳೂರು. ಪ್ರತಿ ನಗರಕ್ಕೂ ಚುನಾಯಿತ ಪಾಲಿಕೆಯ ಪಕ್ಕದಲ್ಲೇ ಒಂದು ಕಂಪನಿ, ಆ ಕಂಪನಿಗೊಂದು ಕನ್ಸಲ್ಟೆಂಟ್ ತಂಡ. ನಮ್ಮ ತಲೆಮಾರಿನ ಸಾವಿರಾರು ಹುಡುಗ ಹುಡುಗಿಯರು ಈ ಕ್ಷೇತ್ರಕ್ಕೆ ಬಂದದ್ದು ಇಂಥ ಯೋಜನೆಗಳ ಬಾಗಿಲಿಂದ. 2025ರ ಮಾರ್ಚ್ 31ಕ್ಕೆ ಆ ಮಿಷನ್ ಮುಗಿಯಿತು. ತಂಡಗಳು ಲ್ಯಾಪ್‌ಟಾಪ್ ಮಡಚಿಕೊಂಡು ಹೊರಟವು. ಯಾವ ರಸ್ತೆಯ ಕೆಳಗೆ ಯಾವ ಕೇಬಲ್ ಇದೆ, ಯಾಕೆ ಆ ಅಳತೆ ಆಯ್ಕೆ ಮಾಡಿದ್ರು ಅನ್ನುವ ತಿಳಿವಳಿಕೆಯೂ ಅವರ ಜೊತೆಗೇ ಹೊರಟಿತು.

ಇಟಲಿ ಮೂಲದ ಅರ್ಥಶಾಸ್ತ್ರಜ್ಞೆ ಮರಿಯಾನ ಮಝುಕಾಟೊ ಮತ್ತು ರೋಸಿ ಕಾಲಿಂಗ್ಟನ್ 2023ರಲ್ಲಿ ಬರೆದ ‘ದಿ ಬಿಗ್ ಕಾನ್’ ಪುಸ್ತಕದ ವಾದ ಸುಮಾರಾಗಿ ಇದೇ. ಕೆಲಸವನ್ನು ಹೊರಗೆ ಕೊಟ್ಟಷ್ಟೂ ಸರ್ಕಾರ ಕಲಿಯೋದನ್ನು ಬಿಡುತ್ತೆ, ಕಲಿಯದಿದ್ದಷ್ಟೂ ಇನ್ನೂ ಹೊರಗೆ ಕೊಡಬೇಕಾಗುತ್ತೆ. ನಾನು ಇದನ್ನು ಪುಸ್ತಕದಲ್ಲಿ ಓದುವ ಮೊದಲೇ ಬಹುಮಹಡಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನೋಡಿದ್ದೆ. ಆ ಶಾಖೆಯಲ್ಲಿ ಆರು ಹುದ್ದೆ ಇರಬೇಕಿತ್ತು, ಇದ್ದವರು ಇಬ್ಬರು. ಶಾಖಾಧಿಕಾರಿ ಮೇಡಂಗೆ ಇನ್ನೆರಡು ಶಾಖೆಗಳ ಪ್ರಭಾರ. ‘ನೀವು ಬಂದ ಮೇಲೆ ನಮಗೆ ಜನ ಕೊಡಿ ಅಂತ ಕೇಳೋಕೂ ಆಗಲ್ಲ ಕಣಮ್ಮ. ಕನ್ಸಲ್ಟೆಂಟ್ ಇದ್ದಾರಲ್ಲ ಅಂತಾರೆ’ ಅಂದಿದ್ದರು ಒಮ್ಮೆ, ಬೈಗುಳದ ಧಾಟಿಯಲ್ಲೇನೂ ಅಲ್ಲ, ಊಟದ ಡಬ್ಬಿ ತೆರೆಯುತ್ತಾ.

ದಿನದ ಕೆಲಸ ಅಂದರೆ: ಬೆಳಿಗ್ಗೆ ಹತ್ತಕ್ಕೆ ಇಲಾಖೆ. ಹನ್ನೊಂದಕ್ಕೆ ವಿಡಿಯೋ ಕಾನ್ಫರೆನ್ಸ್, ಅದಕ್ಕೆ ಪಿಪಿಟಿ ರಾತ್ರಿಯೇ ಸಿದ್ಧವಾಗಿರಬೇಕು. ಮಧ್ಯಾಹ್ನ ನಡಾವಳಿ ಬರೆಯೋದು. ಸಂಜೆ ಸಾಹೇಬರು ದೆಹಲಿಗೆ ಹೊರಟರೆ ಅವರಿಗೆ ಟಿಪ್ಪಣಿ. ಸದನ ನಡೀತಿದ್ರೆ ಶಾಸಕರ ಪ್ರಶ್ನೆಗೆ ಉತ್ತರದ ಕರಡು. ಹೌದು, ನಿಮ್ಮ ಶಾಸಕರು ಕೇಳಿದ ಪ್ರಶ್ನೆಗೆ ಸಚಿವರು ಓದಿದ ಉತ್ತರಗಳಲ್ಲಿ ಕೆಲವನ್ನು 25 ವರ್ಷದ ಖಾಸಗಿ ಕಂಪನಿಯ ನೌಕರಳೊಬ್ಬಳು ಟೈಪ್ ಮಾಡಿದ್ದಾಳೆ. ಕಂಪನಿ ಕಚೇರಿಗೆ ವಾಪಸ್ ಹೋದ ಮೇಲೆ ಇನ್ನೊಂದು ಪಾಳಿ ಶುರು: ಮುಂದಿನ ಬಿಡ್ ತಯಾರಿ. ಅದು ಬಿಲ್ ಆಗದ ಕೆಲಸ, ಆದರೆ ಅಪ್ರೈಸಲ್‌ನಲ್ಲಿ ಲೆಕ್ಕಕ್ಕೆ ಬರುವ ಕೆಲಸ.

ಕನ್ನಡ ಶಾಲೆಯಲ್ಲಿ ಓದಿದ್ದು ಇಲ್ಲಿ ನನಗೆ ಬಂಡವಾಳ ಆಯಿತು, ಇದನ್ನು ತಂಗಿಗೆ ಒತ್ತಿ ಹೇಳಿದೆ. ನಮ್ಮ ತಂಡದ ಐಐಎಂ ಹುಡುಗರಿಗೆ ಕಡತ ಓದೋಕೆ ಬರುತ್ತಿರಲಿಲ್ಲ. ಸುತ್ತೋಲೆ ಯಾವುದು, ಆದೇಶ ಯಾವುದು, ‘ಪರಿಶೀಲಿಸಿ ಮಂಡಿಸಿ’ ಅಂದರೆ ಒಪ್ಪಿಗೆಯಾ ಮುಂದೂಡಿಕೆಯಾ ಅನ್ನೋದು ಗೊತ್ತಾಗದೆ ಒದ್ದಾಡುತ್ತಿದ್ದರು. ವಿಷಯ ನಿರ್ವಾಹಕರ ಪಕ್ಕ ಕೂತು ಹಳೆ ಕಡತ ತಿರುವಿ ಹಾಕಿದ ದಿನಗಳಲ್ಲಿ ಸರ್ಕಾರ ಹೇಗೆ ನಡೆಯುತ್ತೆ ಅಂತ ನಾನು ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ. ಬೀದಿಯಲ್ಲಿ ನಿಂತು ಸರ್ಕಾರವನ್ನು ಪ್ರಶ್ನಿಸುವವರಿಗೆ ಆ ಕಲಿಕೆ ಬೇಡದ್ದೇನಲ್ಲ.

ಐವತ್ತು ಜನ

ಈಗ ಹೇಳೋಕೆ ಇಷ್ಟವಿಲ್ಲದ ಭಾಗ.

2019ರಲ್ಲಿ ನನ್ನನ್ನು ಒಂದು ಮಧ್ಯಮ ಗಾತ್ರದ ಊರಿಗೆ ಹಾಕಿದರು. ಘನತ್ಯಾಜ್ಯ ನಿರ್ವಹಣೆಯ ವರದಿ. ಅದರಲ್ಲಿ ಒಂದು ಅಧ್ಯಾಯ, ‘ಮಾನವ ಸಂಪನ್ಮೂಲದ ಅಗತ್ಯ’. ಕರ್ನಾಟಕದಲ್ಲಿ 2017ರಿಂದ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಅನ್ನುವ ಮಾನದಂಡ ಇದೆ. ಹಾಗಾಗಿ ಲೆಕ್ಕ ಸಲೀಸು: ಜನಸಂಖ್ಯೆಯನ್ನು 700ರಿಂದ ಭಾಗಿಸಿದರೆ ಆಯಿತು.

ಬೆಳಿಗ್ಗೆ ಆರಕ್ಕೆ ಹಾಜರಾತಿ ಹಾಕುವ ಜಾಗಕ್ಕೆ ಹೋಗುತ್ತಿದ್ದೆ. ದಫೇದಾರ ಹೆಸರು ಕೂಗ್ತಾ ಇರ್ತಿದ್ದ, ಹೆಂಗಸರು ಹೆಬ್ಬೆಟ್ಟು ಒತ್ತಿ ಪೊರಕೆ ತಗೊಂಡು ಹೊರಡೋರು. ನಾಲ್ಕನೇ ದಿನ ಒಬ್ಬರು ನನ್ನ ಕೈಲಿದ್ದ ಪಟ್ಟಿ ನೋಡಿ ನಿಂತರು. ಹೊಸ ಬಡಾವಣೆ ಎರಡು ಸೇರಿದ ಮೇಲೂ ಅವರ ಗುಂಪಿನಲ್ಲಿ ಅಷ್ಟೇ ಜನ, ಹೀಗಾಗಿ ಒಬ್ಬೊಬ್ಬರಿಗೆ ಒಂದೂವರೆ ಪಟ್ಟು ಬೀದಿ. ‘ಏನ್ ಬರ್ಕಂಡ್ ಹೋಗ್ತೀಯವ್ವಾ? ಇನ್ನ ನಾಕ್ ಜನ ಹಾಕ್ಲಿ ಅಂತ ಬರಿ. ನಮ್ ಸೊಂಟ ಹೋಗೈತಿ’ ಅಂದರು. ‘ಬರೀತೀನಮ್ಮ’ ಅಂದೆ.

ಲೆಕ್ಕಕ್ಕೆ ಕೂತಾಗ ಸಮಸ್ಯೆ ಬಂತು. 2011ರ ಜನಗಣತಿ ಪ್ರಕಾರ ಊರಿನ ಜನಸಂಖ್ಯೆ ಸುಮಾರು 1.40 ಲಕ್ಷ. ಆಸ್ತಿ ತೆರಿಗೆ ಖಾತೆಗಳ ಸಂಖ್ಯೆ, ಹೊಸ ಬಡಾವಣೆಗಳು, ನೀರಿನ ಸಂಪರ್ಕ ಎಲ್ಲ ಸೇರಿಸಿ ನಾನು ಅಂದಾಜು ಮಾಡಿದ್ದು 1.75 ಲಕ್ಷ. ಮೊದಲನೆಯದನ್ನು 700ರಿಂದ ಭಾಗಿಸಿದರೆ 200. ಎರಡನೆಯದನ್ನು ಭಾಗಿಸಿದರೆ 250. ಆಗ ಕೆಲಸದಲ್ಲಿದ್ದವರು 200ಕ್ಕೆ ಎರಡೋ ಮೂರೋ ಕಡಿಮೆ.

ನಾನು 250 ಅಂತ ಬರೆದೆ. ಮ್ಯಾನೇಜರ್ ಕೇಳಿದರು, ‘ಈ ಅಂಕಿಗೆ ಸೋರ್ಸ್ ಏನು?’ ನನ್ನ ಅಂದಾಜು ಅಂದೆ. ‘ಕ್ಲೈಂಟ್ ಒಪ್ಪಲ್ಲ. ಅಧಿಕೃತ ಅಂಕಿ ಹಾಕು. ಬೇಕಾದ್ರೆ ಅಡಿಟಿಪ್ಪಣಿ ಕೊಡು.’ ಅವರು ಕೆಟ್ಟವರಲ್ಲ. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ. ಅಧಿಕೃತ ಅಂಕಿ ಅದೊಂದೇ ಇತ್ತು. ನಾನು ಅಡಿಟಿಪ್ಪಣಿ ಬರೆದೆ, ನಾಲ್ಕು ಸಾಲು. ಎರಡನೇ ಕರಡಿನಲ್ಲಿ ಅದು ಅನುಬಂಧಕ್ಕೆ ಹೋಯಿತು. ಸಭೆಗೆ ಹೋದ ಪಿಪಿಟಿಗೆ ಅನುಬಂಧ ಇರಲಿಲ್ಲ. ಸ್ಲೈಡಿನಲ್ಲಿ ಉಳಿದದ್ದು ಒಂದೇ ಸಾಲು: ‘ಹಾಲಿ ಸಿಬ್ಬಂದಿ ಮಾನದಂಡಕ್ಕೆ ಬಹುತೇಕ ಸಮನಾಗಿದೆ.’ ಅದರ ಪಕ್ಕ ಹಸಿರು ಟಿಕ್ ಗುರುತು. ಅದನ್ನು ಹಾಕಿದ್ದೂ ನಾನೇ.

ಒಂದೂವರೆ ವರ್ಷದ ಮೇಲೆ ಬೇರೆ ಕೆಲಸಕ್ಕೆ ಅದೇ ಊರಿನ ಕಡತ ತಿರುವಬೇಕಾಗಿ ಬಂತು. ಪೌರಕಾರ್ಮಿಕರು ಹೆಚ್ಚುವರಿ ಜನ ಬೇಕು ಅಂತ ಕೊಟ್ಟ ಮನವಿ ಇತ್ತು. ಅದರ ಮೇಲಿನ ಟಿಪ್ಪಣಿಯಲ್ಲಿ, ‘ಸಮಾಲೋಚಕರ ವರದಿಯನ್ವಯ ಹಾಲಿ ಸಿಬ್ಬಂದಿ ಸಾಕಾಗಿರುವುದರಿಂದ ಮನವಿಯನ್ನು ಪರಿಗಣಿಸಲು ಅವಕಾಶವಿಲ್ಲ’ ಅಂತಿತ್ತು. ಯಾರ ಹೆಸರೂ ಇರಲಿಲ್ಲ. ಸಮಾಲೋಚಕರು ಅಂದರೆ ನಾನು.

2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕಾಯಂಗೆ ಆಗ್ರಹಿಸಿ ಮುಷ್ಕರ ಹೂಡಿದಾಗ ನಾನು ನೋಟಿಸ್ ಪೀರಿಯಡ್‌ನಲ್ಲಿದ್ದೆ. ಆ ಸ್ಲೈಡಿನ ಕಾರಣಕ್ಕೇ ಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತೆ. ಬೆನ್ನುನೋವಿತ್ತು, ಬಡ್ತಿ ಸಿಕ್ಕಿರಲಿಲ್ಲ, ಬೇರೆ ಕೆಲಸ ಸಿಕ್ಕಿತ್ತು. ಆದರೆ ಈ ವೃತ್ತಿಯ ಬಗ್ಗೆ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗೋದು ಆ ಹಸಿರು ಟಿಕ್. ಇಲ್ಲಿ ಯಾರೂ ನಿಮಗೆ ಸುಳ್ಳು ಬರಿ ಅನ್ನೋದಿಲ್ಲ. ಯಾವ ಅಂಕಿಯನ್ನು ಮೇಲೆ ಇಡಬೇಕು, ಯಾವುದನ್ನು ಕೆಳಗೆ ಅಂತ ಮಾತ್ರ ಹೇಳ್ತಾರೆ. ಅಂದಹಾಗೆ ಅದೇ 2011ರ ಅಂಕಿ ಇವತ್ತಿಗೂ ಎಲ್ಲ ಕಡತಗಳಲ್ಲಿ ಓಡ್ತಿದೆ; 2021ರ ಜನಗಣತಿ ನಡೆಯಲಿಲ್ಲ, ಈಗ 2027ಕ್ಕೆ ನಿಗದಿಯಾಗಿದೆ. ಎಷ್ಟು ಊರುಗಳಲ್ಲಿ ಎಷ್ಟು ‘ಐವತ್ತು ಜನ’ ಹೀಗೆ ಕಾಣೆಯಾಗಿದ್ದಾರೋ.

ದೊಡ್ಡವರ ದೊಡ್ಡ ಸ್ಲೈಡುಗಳು

ನನ್ನದು ಪುಟ್ಟ ಪ್ರಕರಣ. ಜಗತ್ತಿನ ದೊಡ್ಡ ಹೆಸರುಗಳ ದಾಖಲೆ ಸಾರ್ವಜನಿಕವಾಗಿಯೇ ಇದೆ. 2000ನೇ ಇಸವಿಯಲ್ಲಿ ಎನ್ರಾನ್ ಕಂಪನಿಯಿಂದ ಆರ್ಥರ್ ಆಂಡರ್ಸನ್ ಸಂಸ್ಥೆ ಆಡಿಟ್‌ಗೆ ಪಡೆದದ್ದು 2.5 ಕೋಟಿ ಡಾಲರ್, ಸಲಹೆಗೆ ಪಡೆದದ್ದು 2.7 ಕೋಟಿ ಡಾಲರ್. ಲೆಕ್ಕ ತಪಾಸಣೆ ಮಾಡಬೇಕಾದವರಿಗೆ ತಪಾಸಣೆಗಿಂತ ಸಲಹೆಯಿಂದಲೇ ಹೆಚ್ಚು ಸಿಗುವಾಗ ಅವರು ಗ್ರಾಹಕರನ್ನು ಎಷ್ಟು ಗದರಿಯಾರು? ಇಬ್ಬರೂ ಮುಳುಗಿದರು. ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರಿ ವಿದ್ಯುತ್ ಮತ್ತು ಸಾರಿಗೆ ಕಂಪನಿಗಳ ಗುತ್ತಿಗೆಗಾಗಿ ಲಂಚ ಕೊಟ್ಟ ಪ್ರಕರಣದಲ್ಲಿ ಮೆಕಿನ್ಸಿಯ ಆಫ್ರಿಕಾ ಘಟಕ 12 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು 2024ರ ಡಿಸೆಂಬರ್‌ನಲ್ಲಿ ಒಪ್ಪಿತು. ಅದೇ ತಿಂಗಳು, ಚಟ ಹಿಡಿಸುವ ನೋವುನಿವಾರಕ ಮಾತ್ರೆಗಳ ಮಾರಾಟ ಹೆಚ್ಚಿಸಲು ಔಷಧ ಕಂಪನಿಗೆ ಸಲಹೆ ಕೊಟ್ಟದ್ದಕ್ಕೆ ಅಮೆರಿಕದಲ್ಲಿ 65 ಕೋಟಿ ಡಾಲರ್. ಆಸ್ಟ್ರೇಲಿಯಾದಲ್ಲಿ ಸರ್ಕಾರದ ಗುಪ್ತ ತೆರಿಗೆ ಮಾಹಿತಿಯನ್ನು ತನ್ನ ಗ್ರಾಹಕರಿಗೆ ಅನುಕೂಲವಾಗುವಂತೆ ಬಳಸಿಕೊಂಡ ಹಗರಣದ ನಂತರ ಪಿಡಬ್ಲ್ಯುಸಿ ತನ್ನ ಇಡೀ ಸರ್ಕಾರಿ ಸಲಹಾ ವಿಭಾಗವನ್ನು 2023ರಲ್ಲಿ ಒಂದು ಡಾಲರ್‌ಗೆ ಮಾರಿತು. ಒಂದೇ ಒಂದು ಡಾಲರ್. 2025ರಲ್ಲಿ ಅದೇ ದೇಶದಲ್ಲಿ ಡೆಲಾಯ್ಟ್, ಎಐ ಬಳಸಿ ಬರೆದ ವರದಿಯಲ್ಲಿ ಇಲ್ಲದ ಉಲ್ಲೇಖಗಳು ಸಿಕ್ಕಿದ್ದಕ್ಕೆ ಸರ್ಕಾರಕ್ಕೆ ಹಣದ ಒಂದು ಭಾಗ ವಾಪಸ್ ಕೊಡಬೇಕಾಯಿತು.

ಆ ಕೊನೆಯದನ್ನು ಹೊಸದಾಗಿ ಸೇರುವವರು ಗಮನಿಸಿ. ಮೊದಲ ಎರಡು ವರ್ಷ ನಾವು ಕಲಿಯುತ್ತಿದ್ದದ್ದೇ ಮಾಹಿತಿ ಹುಡುಕಿ, ಸೇರಿಸಿ, ಕರಡು ಬರೆಯುವ ಕೆಲಸದಲ್ಲಿ. ಈಗ ಅದನ್ನು ಎಐ ಮಾಡುತ್ತೆ, ತಪ್ಪಾದಾಗ ಜವಾಬ್ದಾರಿ ಮಾತ್ರ ಕಿರಿಯರ ತಲೆಗೆ.

ದೇಹ, ಗಂಟೆ, ಗೆಳೆಯರು

2024ರ ಜುಲೈನಲ್ಲಿ ಪುಣೆಯಲ್ಲಿ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ದೊಡ್ಡ ಸಂಸ್ಥೆಯೊಂದಕ್ಕೆ ಸೇರಿ ನಾಲ್ಕೇ ತಿಂಗಳಲ್ಲಿ ತೀರಿಕೊಂಡರು. ಕೆಲಸದ ಒತ್ತಡದ ಬಗ್ಗೆ ಅವರ ತಾಯಿ ಸಂಸ್ಥೆಯ ಅಧ್ಯಕ್ಷರಿಗೆ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಆ ದಿನ ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ಅದೇ ವರ್ಷ ಕರ್ನಾಟಕದಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ನೌಕರರ ಸಂಘ ಕೆಐಟಿಯು ಅದನ್ನು ವಿರೋಧಿಸಿ ಬೀದಿಗಿಳಿಯಿತು. ಕನ್ಸಲ್ಟಿಂಗ್‌ನಲ್ಲಿ ಸಂಘದ ಮಾತೆತ್ತಿದರೆ ಜನ ನಗ್ತಾರೆ. ‘ನಾವು ಪ್ರೊಫೆಷನಲ್ಸ್’ ಅಂತಾರೆ. ಪೌರಕಾರ್ಮಿಕರಿಗಿದ್ದಷ್ಟು ಒಗ್ಗಟ್ಟು ನಮಗಿರಲಿಲ್ಲ.

ಇಲ್ಲಿ ಎರಡು ಪದ ಕಲೀತೀರಿ. ‘ಯುಟಿಲೈಸೇಷನ್’ ಅಂದರೆ ನಿಮ್ಮ ಗಂಟೆಗಳಲ್ಲಿ ಎಷ್ಟು ಗ್ರಾಹಕರಿಗೆ ಬಿಲ್ ಆಗಿದೆ ಅನ್ನೋ ಪ್ರಮಾಣ. ‘ಬೆಂಚ್’ ಅಂದರೆ ಪ್ರಾಜೆಕ್ಟ್ ಇಲ್ಲದೆ ಕೂತಿರೋದು. ಮೊದಮೊದಲು ರಜೆ ಥರ ಅನ್ನಿಸುತ್ತೆ, ಎರಡು ತಿಂಗಳಾದರೆ ನಿದ್ದೆ ಹಾರಿಹೋಗುತ್ತೆ. ಇವೆರಡರ ನಡುವೆಯೇ ವರ್ಷ ಕಳೆಯುತ್ತೆ.

ಇನ್ನು ಕೆಲವರು ಕೇಳೋದು ಚುನಾವಣಾ ಕನ್ಸಲ್ಟಿಂಗ್ ಬಗ್ಗೆ. ಪ್ರಶಾಂತ್ ಕಿಶೋರ್ 2014ರಲ್ಲಿ ಮೋದಿ, 2015ರಲ್ಲಿ ನಿತೀಶ್, 2021ರಲ್ಲಿ ಮಮತಾ ಮತ್ತು ಸ್ಟಾಲಿನ್ ಪರ ಕೆಲಸ ಮಾಡಿದರು; ಕೊನೆಗೆ ತಮ್ಮದೇ ಪಕ್ಷ ಕಟ್ಟಿ 2025ರ ಬಿಹಾರ ಚುನಾವಣೆಯಲ್ಲಿ ಒಂದು ಸೀಟೂ ಗೆಲ್ಲಲಿಲ್ಲ. ಕರ್ನಾಟಕದಲ್ಲಿ 2023ರ ಕಾಂಗ್ರೆಸ್ ಪ್ರಚಾರದ ಹಿಂದಿದ್ದ ಸುನಿಲ್ ಕನುಗೋಲು ಆಮೇಲೆ ಸಂಪುಟ ದರ್ಜೆಯ ಸ್ಥಾನಮಾನದೊಂದಿಗೆ ಮುಖ್ಯಮಂತ್ರಿಯ ಸಲಹೆಗಾರರಾದರು. ಆ ವಾರ್‌ರೂಮ್‌ಗಳಲ್ಲಿ ನಾನು ಕೆಲಸ ಮಾಡಿಲ್ಲ. ಮಾಡಿದ ಗೆಳೆಯರು ಹೇಳೋದು: ಆರು ತಿಂಗಳು ಹುಚ್ಚು ಕೆಲಸ, ಫಲಿತಾಂಶದ ಮರುದಿನ ಮನೆಗೆ. ಮತ್ತು ಮುಂದಿನ ಸಲ ಯಾವ ಪಕ್ಷ ಅನ್ನೋದು ನಿಮ್ಮ ಕೈಲಿರಲ್ಲ. ಪಕ್ಷನಿಷ್ಠೆ ಇದ್ದವರು ಕಾರ್ಯಕರ್ತರಾಗೋದೇ ವಾಸಿ, ಊಟ ಅದಕ್ಕಿಂತ ಚೆನ್ನಾಗಿರುತ್ತೆ.

ತಂಗಿಗೆ ಕೊನೆಗೆ ಹೇಳಿದ್ದು

ಹೋಗು ಅಂತಲೇ ಹೇಳಿದೆ. ಮನೆಯಲ್ಲಿ ಅಪ್ಪನ ಔಷಧಿ ಖರ್ಚಿದೆ, ಕೆಪಿಎಸ್‌ಸಿ ಅಧಿಸೂಚನೆ ಯಾವಾಗ ಬರುತ್ತೋ ಆ ದೇವರಿಗೂ ಗೊತ್ತಿಲ್ಲ. ಅವಳು ಹೋಗದಿದ್ದರೆ ಆ ಕುರ್ಚಿಯಲ್ಲಿ ಕಡತ ಓದಲು ಬಾರದ ಇನ್ನೊಬ್ಬರು ಕೂರ್ತಾರೆ, ಅಷ್ಟೇ. ಆದರೆ ಎರಡು ವರ್ಷ, ಹೆಚ್ಚೆಂದರೆ ಮೂರು ಅಂದೆ. ಅದಕ್ಕಿಂತ ಹೆಚ್ಚಾದರೆ ಬಿಡ್ ಗೆಲ್ಲಿಸುವ ಜವಾಬ್ದಾರಿ ಬರುತ್ತೆ, ಆಗ ಇಲಾಖೆಗೆ ಏನು ಬೇಕು ಅನ್ನುವುದಕ್ಕಿಂತ ಇಲಾಖೆಗೆ ಏನು ಮಾರಬಹುದು ಅಂತ ಯೋಚಿಸೋಕೆ ಶುರು ಮಾಡ್ತೀವಿ. ನನಗೆ ನಾಲ್ಕನೇ ವರ್ಷದಲ್ಲಿ ಹಾಗಾಯಿತು, ಆಗ ಅದು ಗೊತ್ತೂ ಆಗಲಿಲ್ಲ.

ಪ್ರತಿ ವರದಿಯಲ್ಲೂ ಜನಸಂಖ್ಯೆ, ದರ, ಮಾನದಂಡ ಎಲ್ಲಿಂದ ಬಂತು ಅಂತ ಅಡಿಟಿಪ್ಪಣಿಯಲ್ಲಲ್ಲ, ಪಠ್ಯದೊಳಗೇ ಬರಿ ಅಂದೆ. ಅಡಿಟಿಪ್ಪಣಿ ಕಳೆದುಹೋಗುತ್ತೆ, ವಾಕ್ಯ ಕಳೆದುಹೋಗೋದು ಸ್ವಲ್ಪ ಕಷ್ಟ. ಅಸಮ್ಮತಿ ಇದ್ದರೆ ಬಾಯಲ್ಲಿ ಹೇಳಬೇಡ, ಇಮೇಲ್ ಮಾಡು. ಗ್ರಾಹಕರ ಮಾಹಿತಿಯನ್ನು ಹೊರಗೆ ಕೊಡಬೇಡ, ಅದು ಕೆಲಸ ಮಾತ್ರವಲ್ಲ ಕೋರ್ಟೂ ತೋರಿಸುತ್ತೆ. ಆದರೆ ಸರ್ಕಾರಕ್ಕೆ ಸಲ್ಲಿಕೆಯಾದ ವರದಿ ಸಾರ್ವಜನಿಕ ಹಣದಲ್ಲಿ ಆದದ್ದು. ಹೊರಗಿರುವ ಗೆಳೆಯರು ಮಾಹಿತಿ ಹಕ್ಕಿನಲ್ಲಿ ಅದನ್ನು ಕೇಳಬಹುದು. ‘ವಾಣಿಜ್ಯ ಗೌಪ್ಯತೆ’ ಅಂತ 8(1)(ಡಿ) ತೋರಿಸಿ ನಿರಾಕರಿಸಿದರೆ, ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬೇಕು ಅಂತ ಅದೇ ಕಲಮಿನಲ್ಲಿ ಇದೆ, ಮೇಲ್ಮನವಿ ಹಾಕಬಹುದು. ಕೇಳುವಾಗ ವರದಿ ಮಾತ್ರ ಕೇಳಬೇಡಿ. ಅನುಬಂಧ, ಎಲ್ಲ ಕರಡುಗಳು, ಸಭೆಯ ಪಿಪಿಟಿ ಅಂತ ಬಿಡಿಬಿಡಿಯಾಗಿ ಬರೆಯಿರಿ.

ಅವಳು ಆಫರ್ ಲೆಟರ್ ಫೋಟೊ ತೆಗೆದು ಕಳಿಸಿದಳು. ನೋಟಿಸ್ ಪೀರಿಯಡ್ 90 ದಿನ, ವರ್ಷದೊಳಗೆ ಬಿಟ್ಟರೆ ಜಾಯಿನಿಂಗ್ ಬೋನಸ್ ವಾಪಸ್. ಹುದ್ದೆ ಇರುವ ಜಾಗದಲ್ಲಿ ‘ಬೆಂಗಳೂರು ಅಥವಾ ಸಂಸ್ಥೆ ಸೂಚಿಸುವ ಯಾವುದೇ ಸ್ಥಳ’ ಅಂತಿತ್ತು. ಆ ‘ಯಾವುದೇ ಸ್ಥಳ’ ಯಾವುದು, ಅಲ್ಲಿ ಉಳಿಯುವ ಖರ್ಚು ಯಾರದ್ದು ಅಂತ ಸಹಿ ಹಾಕುವ ಮೊದಲು ಕೇಳು ಅಂದಿದ್ದೇನೆ. ಸೋಮವಾರ ಫೋನ್ ಮಾಡಿ ಕೇಳ್ತಾಳಂತೆ.